ಪೀಣ್ಯದ ಶೆಡ್ಡಿನಲ್ಲಿ ಕಾವೇರಿ

2025ರ ಮೇ ಕೊನೆಯ ವಾರ ಸಾಮಾಜಿಕ ಜಾಲತಾಣಗಳಲ್ಲಿ ಒಂದು ಕೂಗು ಎದ್ದಿತು: ಕಾವೇರಿ ಎಂಜಿನ್ನಿಗೆ ಹಣ ಕೊಡಿ. ಒಂದೆರಡು ದಿನ ಎಲ್ಲೆಲ್ಲೂ ಅದೇ ಮಾತು. ಜೆಟ್ ಎಂಜಿನ್ ಅಂದರೇನು, ನಮ್ಮಲ್ಲಿ ಅದನ್ನು ಯಾರು ಮಾಡುತ್ತಿದ್ದಾರೆ ಎಂದು ಅದುವರೆಗೆ ಕೇಳದಿದ್ದವರೂ ಅಂಕಿ ಸಂಖ್ಯೆ ಹಿಡಿದು ವಾದಕ್ಕಿಳಿದರು. ಕೂಗಿಗೆ ಕಾರಣವೂ ಇತ್ತು. ತೇಜಸ್ ವಿಮಾನದ ಹೊಸ ಆವೃತ್ತಿಗಾಗಿ 2021ರಲ್ಲಿ ಅಮೆರಿಕದ ಜಿಇ ಕಂಪನಿಗೆ 99 ಎಂಜಿನ್ನುಗಳ ಆರ್ಡರ್ ಹೋಗಿತ್ತು. ಅದರಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ವಿಮಾನ ಕಟ್ಟುವವರು ಎಂಜಿನ್ನಿನ ದಾರಿ ಕಾಯುತ್ತ ಕೂರಬೇಕಾಯಿತು. ಹಾಗಾದರೆ ನಮ್ಮದೇ ಎಂಜಿನ್ ಏನಾಯಿತು ಅಂತ ಜನ ಕೇಳಿದ್ದರಲ್ಲಿ ತಪ್ಪಿಲ್ಲ.

ಅಕ್ಕನ ಮಗ ಆ ಪೋಸ್ಟನ್ನು ನನಗೂ ಕಳಿಸಿದ. ಕೆಳಗೆ ಒಂದು ಸಾಲು: "ಮಾವ, ನೀವೂ ಮಾಡಿದ್ರಲ್ವಾ ಈ ಎಂಜಿನ್ನ? ಒಂದು ಪೋಸ್ಟ್ ಹಾಕಿ."

ನಾನು ಮಾಡಿದ್ದೇನೂ ಇಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ಆ ಎಂಜಿನ್ನಿನ ಕೆಲವು ಬಿಡಿಭಾಗಗಳಿಗೆ ಲೋಹ ಕೊರೆಯುವಾಗ ಪಕ್ಕದಲ್ಲಿ ನಿಂತಿದ್ದೆ, ಅಷ್ಟೆ. ಆದರೂ ಆ ಸಾಲು ಓದಿದ ಮೇಲೆ ಆ ಶೆಡ್ಡು, ಕೂಲೆಂಟಿನ ಹುಳಿ ವಾಸನೆ, ಮೂಲೆಯ ಮರಳಿನ ಬಕೆಟ್ಟು ಎಲ್ಲವೂ ಎದ್ದು ಬಂದವು.

ಮಂಡ್ಯದ ಕಡೆಯ ಹಳ್ಳಿಯಿಂದ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿಕೊಂಡು ನಾನು ಬೆಂಗಳೂರಿಗೆ ಬಂದದ್ದು 1991ರಲ್ಲಿ. ವಿ.ಸಿ. ನಾಲೆಯ ನೀರಲ್ಲಿ ಕಬ್ಬು ಬೆಳೆಯುವ ಮನೆ ನಮ್ಮದು. ಅಪ್ಪನ ಲೆಕ್ಕದಲ್ಲಿ ಎಂಜಿನ್ ಅಂದರೆ ಎರಡೇ: ನೀರೆತ್ತುವುದು, ಆಲೆಮನೆಯಲ್ಲಿ ಗಾಣ ತಿರುಗಿಸುವುದು. ಪೀಣ್ಯ ಆಗ ಊರಾಚೆ. ಯಶವಂತಪುರ ದಾಟಿದ ಮೇಲೆ ಬಿ.ಟಿ.ಎಸ್. ಬಸ್ಸು ಖಾಲಿಯಾಗುತ್ತ ಬಂದು, ಕೊನೆಗೆ ಉಳಿಯುತ್ತಿದ್ದವರೆಲ್ಲ ಎಣ್ಣೆ ಕಲೆಯ ಅಂಗಿಯವರೇ. ನಮ್ಮ ಶೆಡ್ಡಿನಲ್ಲಿ ಎಚ್‌ಎಂಟಿ ಲೇತ್‌ಗಳು, ಒಂದು ಮಿಲ್ಲಿಂಗ್ ಮೆಷಿನ್, ಒಂದು ಗ್ರೈಂಡರ್ ಇದ್ದವು. ಯಜಮಾನರ ಹೊಟ್ಟೆಪಾಡು ನಡೆಯುತ್ತಿದ್ದುದು ದ್ವಿಚಕ್ರ ವಾಹನದ ಬಿಡಿಭಾಗಗಳಿಂದ. ವಿಮಾನದ ಕೆಲಸ ಅವರಿಗೆ ಹುಚ್ಚು.

ಆ ಹುಚ್ಚಿಗೆ ಧೈರ್ಯ ಕೊಟ್ಟವರು ಮೇಸ್ತ್ರಿ. ಕೊಯಮತ್ತೂರಿನ ಕಡೆಯವರು. ಎಚ್‌ಎಎಲ್ ಎಂಜಿನ್ ಕಾರ್ಖಾನೆಯಲ್ಲಿ ಟರ್ನರ್ ಆಗಿ ಸವೆದು ನಿವೃತ್ತರಾದವರು. ಬ್ರಿಟಿಷ್ ಲೈಸೆನ್ಸಿನ ಆರ್ಫಿಯಸ್ ಎಂಜಿನ್ನು ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಕಾಲದ ಜನ. ಊಟದ ಡಬ್ಬಿ ಬಿಚ್ಚಿದರೆ ಮರುತ್ ವಿಮಾನದ ಕತೆ ಶುರು. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲೇ ಕೂತು ವಿನ್ಯಾಸ ಮಾಡಿದ ವಿಮಾನ ಅದು. 1961ರ ಜೂನ್‌ನಲ್ಲಿ ಮೊದಲು ಹಾರಿತು. ಅದಕ್ಕೆಂದು ಲೆಕ್ಕ ಹಾಕಿದ್ದ ಹೆಚ್ಚು ಬಲದ ಆರ್ಫಿಯಸ್ಸಿಗೆ ಬ್ರಿಟನ್ ಹಣ ಹಾಕಲಿಲ್ಲ; ಕಡಿಮೆ ಬಲದ ಆರ್ಫಿಯಸ್ 703ರಲ್ಲೇ ಸುಧಾರಿಸಿಕೊಳ್ಳಬೇಕಾಯಿತು. ಬಲ ಹೆಚ್ಚಿಸಲು ರೀಹೀಟ್ ಜೋಡಿಸಿದ ಮಾದರಿಯನ್ನು ಹಾರಿಸುವಾಗ 1970ರ ಜನವರಿಯಲ್ಲಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಇರುವುದು ಅವರದೇ ಹೆಸರು. ದಿನಾ ಅಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

"ಮರುತ್ ಚೆಂದ ಇತ್ತು ತಂಬಿ. ಎಂಜಿನ್ ಸಾಲಲಿಲ್ಲ" ಎನ್ನುವುದು ಮೇಸ್ತ್ರಿಯ ಮಂಗಳ. ಅಷ್ಟು ಹೇಳಿ ಡಬ್ಬಿ ತೊಳೆಯಲು ಏಳುತ್ತಿದ್ದರು.

ನಾನು ಬಂದ ವರ್ಷದ ಡಿಸೆಂಬರಿನಲ್ಲಿ ಕಾವೇರಿ ನೀರಿನ ಗಲಾಟೆಯಾಯಿತು. ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಮೇಸ್ತ್ರಿಯ ಮನೆಯಿದ್ದ ಬೀದಿಯೂ ನೆಟ್ಟಗಿರಲಿಲ್ಲ. ಯಜಮಾನರು ರಾತ್ರಿ ವ್ಯಾನ್ ತೆಗೆದುಕೊಂಡು ಹೋಗಿ ಅವರನ್ನೂ ಅವರ ಹೆಂಡತಿಯನ್ನೂ ಶೆಡ್ಡಿಗೆ ಕರೆತಂದರು. ಸ್ಟೋರ್ ರೂಮಿನಲ್ಲಿ ಚಾಪೆ ಹಾಸಿದೆವು. ಮೇಸ್ತ್ರಿಯ ಹೆಂಡತಿ ಗ್ರೈಂಡರ್ ಪಕ್ಕದಲ್ಲೇ ಪಂಪ್ ಸ್ಟೌ ಹಚ್ಚಿ ಸಾರು ಮಾಡುತ್ತಿದ್ದರು. ನಾನು ನನ್ನ ರೂಮಿನಿಂದ ಅಕ್ಕಿ ತಂದುಕೊಟ್ಟೆ. ನಾನು ಮಂಡ್ಯದವನು, ನೀರಿನ ಸಿಟ್ಟು ನನಗೂ ಇತ್ತು. ಊರಲ್ಲಿ ಅಪ್ಪ ರಸ್ತೆ ತಡೆಗೆ ಕೂತಿದ್ದ ದಿನಗಳವು. ಮೇಸ್ತ್ರಿಗೂ ಅದು ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಬಾಗಿಲು ಹಾಕಿಕೊಂಡು ಲೇತ್ ಬೋಲ್ಟು ಬಿಗಿಮಾಡಿದೆವು.

ಮುಂದಿನ ವರ್ಷ ಆ ಶೆಡ್ಡಿಗೇ ಕಾವೇರಿ ಹೆಸರಿನ ಕೆಲಸ ಬಂತು.

ಹೆಸರು ಹೇಳಿಕೊಂಡು ಬರಲಿಲ್ಲ. ನಡುವೆ ಒಂದು ದೊಡ್ಡ ಕಂಪನಿ ಇತ್ತು. ಆರ್ಡರ್ ಅವರದು, ಲೋಹ ಅವರು ಕೊಟ್ಟದ್ದು, ಡ್ರಾಯಿಂಗಿನಲ್ಲಿ ಪಾರ್ಟ್ ನಂಬರ್ ಮಾತ್ರ. ಇದು ಯಾವುದಕ್ಕೆ ಎಂದು ಕೇಳಿದರೆ ಉತ್ತರವಿಲ್ಲ. ತೆಳುವಾದ ಟೈಟಾನಿಯಂ ಬಳೆಗಳನ್ನು ನೋಡಿದ ಕೂಡಲೇ ಮೇಸ್ತ್ರಿ ಹೇಳಿಬಿಟ್ಟರು: "ಕಂಪ್ರೆಸರ್ ಜಾಬು. ಜಿಟಿಆರ್‌ಇ ಎಂಜಿನ್ನು."

ಜಿಟಿಆರ್‌ಇ ಅಂದರೆ ಸಿ.ವಿ. ರಾಮನ್ ನಗರದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ. ಕಾನ್ಪುರದಲ್ಲಿ 1959ರಲ್ಲಿ ಹುಟ್ಟಿ, 1961ರಲ್ಲಿ ಬೆಂಗಳೂರಿಗೆ ಬಂದದ್ದು. ಎಪ್ಪತ್ತರ ದಶಕದಲ್ಲೇ ಅವರು ಜಿಟಿಎಕ್ಸ್ ಎಂಬ ಎಂಜಿನ್ ಮಾಡಿ ನೆಲದ ಮೇಲೆ ಓಡಿಸಿದ್ದರು. ಅದು ಯಾವ ವಿಮಾನಕ್ಕೂ ಏರಲಿಲ್ಲ. 1989ರಲ್ಲಿ, ಮುಂದೆ ತೇಜಸ್ ಎಂದು ಹೆಸರಾದ ಲಘು ಯುದ್ಧವಿಮಾನಕ್ಕೆಂದು ಹೊಸ ಎಂಜಿನ್ನಿಗೆ 382.81 ಕೋಟಿ ರೂಪಾಯಿ ಮಂಜೂರಾಯಿತು. 1996ರ ಡಿಸೆಂಬರ್ ಹೊತ್ತಿಗೆ ಮುಗಿಯಬೇಕು. ಇಡೀ ಎಂಜಿನ್ನಿಗೆ ಕಾವೇರಿ, ಅದರ ಒಳಗಿನ ತಿರುಳಿಗೆ, ಅಂದರೆ ಕೋರ್ ಎಂಜಿನ್ನಿಗೆ, ಕಬಿನಿ ಎಂದು ಹೆಸರಿಟ್ಟರು. ಮುಂದೆ ಮೂರು ಸುತ್ತು ಫ್ಯಾನ್, ಹಿಂದೆ ಆರು ಸುತ್ತಿನ ಕಂಪ್ರೆಸರ್, ಉರಿಯುವ ಕೋಣೆ, ಎರಡು ಟರ್ಬೈನ್, ಕೊನೆಗೆ ಆಫ್ಟರ್‌ಬರ್ನರ್. ಆಫ್ಟರ್‌ಬರ್ನರ್ ಹಚ್ಚಿದಾಗ 81 ಕಿಲೋನ್ಯೂಟನ್ ಒತ್ತುಬಲ ಬರಬೇಕೆಂಬುದು ಗುರಿ. ತೂಕ 1100 ಕಿಲೋ ಮೀರಬಾರದು.

ಈ ಲೆಕ್ಕವೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಗೊತ್ತಿದ್ದದ್ದು ಟೈಟಾನಿಯಂ ಒಂದೇ.

ಅದು ಬಲು ತಂಟೆಯ ಲೋಹ. ಉಕ್ಕು ಕೊರೆಯುವಾಗ ಹುಟ್ಟುವ ಬಿಸಿಯ ಬಹುಪಾಲು ಚಿಪ್ಸಿನ ಜೊತೆ ಹಾರಿಹೋಗುತ್ತದೆ. ಟೈಟಾನಿಯಂ ಬಿಸಿಯನ್ನು ಸಾಗಿಸುವುದೇ ಕಡಿಮೆ, ಬಹುಪಾಲು ಟೂಲಿನ ತುದಿಗೇ ಬಂದು ಕೂರುತ್ತದೆ. ವೇಗ ಹೆಚ್ಚಿಸಿದಿರೋ ಟೂಲ್ ಮುಗಿಯಿತು. ಸಣ್ಣ ಚಿಪ್ಸ್ ರಾಶಿಯಾಗಿ ಬಿದ್ದಲ್ಲಿ ಕಿಡಿ ತಾಗಿದರೆ ಬೆಳ್ಳಗೆ ಹತ್ತಿ ಉರಿಯುತ್ತದೆ, ನೀರು ಸುರಿದರೆ ಇನ್ನೂ ಜೋರಾಗುತ್ತದೆ. ಅದಕ್ಕೇ ಒಣ ಮರಳಿನ ಬಕೆಟ್ಟು. ಒಂದು ಸಲ ಟ್ರೇಯಲ್ಲಿ ಹೊತ್ತಿಕೊಂಡಾಗ ಹೊಸ ಹುಡುಗನೊಬ್ಬ ಕೂಲೆಂಟ್ ಪೈಪಿಗೆ ಕೈಹಾಕಿದ. ಮೇಸ್ತ್ರಿ ಅವನ ಮಣಿಕಟ್ಟಿಗೆ ಹೊಡೆದು, ಮರಳು ಸುರಿದು, ಏನೂ ಆಗದವರಂತೆ ಬೀಡಿ ಹುಡುಕಿಕೊಂಡು ಹೊರಗೆ ಹೋದರು.

ನಿಕ್ಕಲ್ ಮಿಶ್ರಲೋಹದ ಸ್ವಭಾವವೇ ಬೇರೆ. ಟೂಲು ಒಂದು ಕ್ಷಣ ಕೊರೆಯದೆ ಉಜ್ಜಿದರೂ ಸಾಕು, ಆ ಜಾಗ ಗಟ್ಟಿಯಾಗಿಬಿಡುತ್ತದೆ. ಮುಂದಿನ ಸುತ್ತಿನಲ್ಲಿ ಟೂಲೇ ಮುರಿಯುತ್ತದೆ. ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಆಲೆಮನೆಯಲ್ಲಿ ಪಾಕದ ಹದ ನೋಡುವವನ ಹಾಗೆ ಮೇಸ್ತ್ರಿ ಚಿಪ್ಸಿನ ಬಣ್ಣ ನೋಡುತ್ತ, ಸದ್ದು ಕೇಳುತ್ತ ನಿಲ್ಲುತ್ತಿದ್ದರು. ಕೆಲಸ ಮುಗಿದ ಮೇಲೆ ಜೇಬಿನಿಂದ ಒಂದು ನೋಟ್‌ಬುಕ್ ತೆಗೆದು ವೇಗ, ಫೀಡ್, ಟೂಲಿನ ಕೋನ ಬರೆದಿಡುತ್ತಿದ್ದರು. ಅಂಕಿ ಇಂಗ್ಲಿಷಿನಲ್ಲಿ, ಮಿಕ್ಕಿದ್ದೆಲ್ಲ ತಮಿಳಿನಲ್ಲಿ.

ಎಂಜಿನ್ನಿನ ವಿನ್ಯಾಸದ ಕಡೆಯಿಂದ ಒಬ್ಬ ಮೇಡಂ ಬರುತ್ತಿದ್ದರು. ಮೂವತ್ತರ ಆಸುಪಾಸು, ಕಾಟನ್ ಸೀರೆ, ಕಾಲಿಗೆ ಶೂ. ಮೈಕ್ರೋಮೀಟರ್ ಸೆಟ್ ತಮ್ಮ ಚೀಲದಲ್ಲೇ ತರುತ್ತಿದ್ದರು. ಮೊದಮೊದಲು ನಮಗೆಲ್ಲ ಮುಜುಗರ, ಶೆಡ್ಡಿನಲ್ಲಿ ಹೆಂಗಸರಿಗೆ ಒಂದು ಟಾಯ್ಲೆಟ್ ಕೂಡ ಇರಲಿಲ್ಲ. ಅವರು ಅದನ್ನೂ ಹೇಳಿದರು, ಯಜಮಾನರು ಕಟ್ಟಿಸಿದರು.

ಒಂದು ಬಳೆ ನಮ್ಮನ್ನು ತಿಂಗಳುಗಟ್ಟಲೆ ಕಾಡಿತು. ಚಕ್ಕಿನಲ್ಲಿ ಬಿಗಿದು ಕೊರೆದಾಗ ಅಳತೆ ಸರಿ. ಬಿಚ್ಚಿದ ಕೂಡಲೇ ಸೊಟ್ಟ. ಗೋಡೆ ಅಷ್ಟು ತೆಳು. ಚಕ್ಕಿನ ಮೂರು ದವಡೆ ಒತ್ತಿದ ಕಡೆ ಲೋಹ ಒಳಕ್ಕೆ ಬಾಗಿ, ಬಾಗಿದ್ದನ್ನೇ ನಾವು ಗುಂಡಗೆ ಕೊರೆದು, ಒತ್ತಡ ಹೋದ ಮೇಲೆ ಅದು ಮೂರು ಮೂಲೆಯಾಗಿ ಎದ್ದು ಕೂರುತ್ತಿತ್ತು. ಕಂಪನಿಯ ಇನ್‌ಸ್ಪೆಕ್ಟರು ರಿಜೆಕ್ಟ್ ಎಂದು ಕೆಂಪು ಬಣ್ಣ ಬಳಿದು ಹೋಗುತ್ತಿದ್ದ. ಮೇಡಂ ಹಾಗೆ ಮಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಲೇತ್ ಪಕ್ಕ ಕೂತರು.

"ಬಿಚ್ಚಿ ನೋಡೋಣ ಮೇಸ್ತ್ರಿ. ನಿಧಾನ."

ಮೇಸ್ತ್ರಿ ಚಕ್ಕಿನ ಕೀಲಿ ಕಾಲು ಸುತ್ತು ತಿರುಗಿಸಿದರು. ಡಯಲ್ಲಿನ ಮುಳ್ಳು ನಡುಗಿತು. ಇನ್ನು ಕಾಲು ಸುತ್ತು. ಮುಳ್ಳು ಸರಿಯುತ್ತಲೇ ಹೋಯಿತು. ಮೇಡಂ ಪ್ರತಿ ಹಂತಕ್ಕೂ ಬರೆದುಕೊಂಡರು.

"ಸೈಡಿಂದ ಹಿಡಿಯೋದು ಬೇಡ ಮೇಡಂ. ಮೇಲಿಂದ ಒತ್ತಿ ಹಿಡಿಬೇಕು" ಎಂದರು ಮೇಸ್ತ್ರಿ. "ಆದ್ರೆ ಒತ್ತೋಕೆ ಜಾಗ ಎಲ್ಲಿದೆ, ನಿಮ್ಮ ಡ್ರಾಯಿಂಗ್‌ನಲ್ಲಿ?"

ಮೇಡಂ ಸುಮ್ಮನಿದ್ದು, ಆಮೇಲೆ ಕೇಳಿದರು: "ಒಂದು ಅಂಚು ಜಾಸ್ತಿ ಬಿಟ್ಟುಕೊಟ್ಟರೆ? ಕೊನೆಗೆ ನೀವು ಕತ್ತರಿಸಿ ಹಾಕ್ತೀರಾ?"

"ಅಂಚು ಕೊಡಿ. ಮಿಕ್ಕಿದ್ದು ನಂದು."

ಕೆಲವು ವಾರಗಳಲ್ಲಿ ಡ್ರಾಯಿಂಗಿನ ಹೊಸ ಆವೃತ್ತಿ ಬಂತು, ಅಂಚಿನ ಸಮೇತ. ಮೇಸ್ತ್ರಿ ಒಂದು ದಪ್ಪ ತಟ್ಟೆಯ ಫಿಕ್ಸ್‌ಚರ್ ಮಾಡಿ, ಅಂಚನ್ನು ಮೇಲಿನಿಂದ ಬೋಲ್ಟಿನಲ್ಲಿ ಒತ್ತಿ ಹಿಡಿದು ಕೊರೆದರು. ಬಳೆ ಗುಂಡಗೆ ಬಂತು, ಗುಂಡಗೇ ಉಳಿಯಿತು. ಅನುಭವಸ್ಥರಿಗೆ ಇದೊಂದು ದೊಡ್ಡ ಸಂಗತಿಯಲ್ಲ. ಮುಂದುವರಿದ ದೇಶಗಳ ಕಾರ್ಖಾನೆಗಳಲ್ಲಿ ಇಂಥವು ಪಾಠದ ಪುಸ್ತಕದಲ್ಲೇ ಇರುತ್ತವೆ. ನಮಗೆ ಪುಸ್ತಕ ಕೊಡುವವರಿರಲಿಲ್ಲ. ಎಂಜಿನ್ನು ಮಾರುತ್ತಾರೆ, ಅದನ್ನು ಹೇಗೆ ಮಾಡಿದೆವು ಎಂಬುದನ್ನು ಯಾರೂ ಮಾರುವುದಿಲ್ಲ. ಅದರಲ್ಲೂ ಟರ್ಬೈನಿನ ಬ್ಲೇಡು. ಅದರ ಲೋಹ ಕರಗುವಷ್ಟಕ್ಕಿಂತ ಹೆಚ್ಚು ಬಿಸಿಯ ಗಾಳಿಯಲ್ಲಿ ಅದು ತಿರುಗಬೇಕು. ಒಳಗೆ ಕೊರೆದ ಸಣ್ಣ ದಾರಿಗಳಲ್ಲಿ ತಣ್ಣನೆಯ ಗಾಳಿ ಹರಿಸಿ ಬದುಕಿಸಬೇಕು. ಹೈದರಾಬಾದಿನ ಲೋಹ ಪ್ರಯೋಗಾಲಯದವರು ಅದಕ್ಕೆ ಎಷ್ಟೋ ವರ್ಷ ತೇಯ್ದರು. ನಮ್ಮಂಥ ಶೆಡ್ಡುಗಳಿಗೆ ಅದು ಎಟುಕುವ ಕೆಲಸವೇ ಅಲ್ಲ.

ನಡುವಿನ ಕಂಪನಿಯ ಬಗ್ಗೆ ನನಗೆ ಇವತ್ತಿಗೂ ಕಹಿ ಹೋಗಿಲ್ಲ. ಬಿಲ್ಲು ಪಾಸಾಗಲು ಆರೇಳು ತಿಂಗಳು. ಅದನ್ನಾದರೂ ಸಹಿಸಬಹುದು. ನಾವು ಮಾಡಿದ ಬಳೆ ಎಂಜಿನ್ನಿನಲ್ಲಿ ಕೂತಿತೋ, ಓಡಿತೋ, ಬಿರುಕು ಬಿಟ್ಟಿತೋ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಗುಟ್ಟಂತೆ. ಮುರಿದ ತುಂಡು ನಮ್ಮ ಕೈಗೆ ವಾಪಸು ಬಂದಿದ್ದರೆ ಮೇಸ್ತ್ರಿ ಅದನ್ನು ತಿರುವಿ ನೋಡಿಯೇ ಎಷ್ಟೋ ಕಲಿಯುತ್ತಿದ್ದರು. ಆರ್ಡರೂ ಅಷ್ಟೆ: ನಾಲ್ಕು ಪೀಸು, ಆಮೇಲೆ ವರ್ಷಗಟ್ಟಲೆ ಸುದ್ದಿಯಿಲ್ಲ. ಮತ್ತೆ ಬಂದಾಗ ಡ್ರಾಯಿಂಗ್ ಬದಲಾಗಿರುತ್ತಿತ್ತು, ಫಿಕ್ಸ್‌ಚರಿಗೆ ತುಕ್ಕು ಹಿಡಿದಿರುತ್ತಿತ್ತು, ಕಲಿತಿದ್ದ ಹುಡುಗರು ಬೇರೆ ಕಡೆ ಸೇರಿರುತ್ತಿದ್ದರು.

ಕಬಿನಿ 1995ರಲ್ಲಿ ಓಡಿತು, ಮರುವರ್ಷ ಇಡೀ ಕಾವೇರಿ. ಯಜಮಾನರು ಎಲ್ಲರಿಗೂ ಮೈಸೂರ್ ಪಾಕ್ ಹಂಚಿದರು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ. 2001ರ ಜನವರಿ 4ರಂದು ಲಘು ಯುದ್ಧವಿಮಾನ ಬೆಂಗಳೂರಿನಲ್ಲಿ ಮೊದಲ ಸಲ ಹಾರಿದಾಗ ಅದರ ಹೊಟ್ಟೆಯಲ್ಲಿದ್ದದ್ದು ಅಮೆರಿಕದ ಎಂಜಿನ್. 2004ರಲ್ಲಿ ರಷ್ಯಾದಲ್ಲಿ ಎತ್ತರದ ಪರೀಕ್ಷೆಯಲ್ಲಿ ಕಾವೇರಿ ಎಡವಿತು. 2008ರಲ್ಲಿ ತೇಜಸ್ಸಿನಿಂದ ಅದನ್ನು ಬೇರ್ಪಡಿಸಿದರು. ಒತ್ತುಬಲ ಗುರಿ ಮುಟ್ಟಿರಲಿಲ್ಲ, ತೂಕ ನೂರು ಕಿಲೋಗೂ ಮೇಲೆ ಹೆಚ್ಚಾಗಿತ್ತು. ಅಷ್ಟರಲ್ಲಿ ವಿಮಾನವೇ ಭಾರವಾಗಿ, 81 ಬಂದಿದ್ದರೂ ಸಾಲದಂತಾಗಿತ್ತು. ಅಂದಾಜು ವೆಚ್ಚ 2,839 ಕೋಟಿಗೆ ಏರಿದ್ದನ್ನು ಮಹಾಲೇಖಪಾಲರ ವರದಿ ಎತ್ತಿ ಹೇಳಿತು. 2010ರ ನವೆಂಬರಿನಲ್ಲಿ ಮಾಸ್ಕೋ ಬಳಿ ಇಲ್ಯೂಶಿನ್-76 ವಿಮಾನದ ನಾಲ್ಕು ಎಂಜಿನ್ನುಗಳಲ್ಲಿ ಒಂದನ್ನು ತೆಗೆದು ಅದರ ಜಾಗದಲ್ಲಿ ಕಾವೇರಿ ಕೂರಿಸಿ ಹಾರಿಸಿದರು. ಮೇಸ್ತ್ರಿ ಆಗ ಇರಲಿಲ್ಲ. ಮೇಡಂ ಬೇರೆ ವಿಭಾಗಕ್ಕೆ ಹೋಗಿದ್ದರೆಂದು ಕೇಳಿದೆ.

ಆ ಕಾಲದಲ್ಲಿ ಯಾರಾದರೂ ಕಾವೇರಿಯನ್ನು ಆಡಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಸ್ತ್ರಿಯ ಕೈ, ಮೇಡಂ ಸ್ಟೂಲಿನ ಮೇಲೆ ಕೂತ ಮಧ್ಯಾಹ್ನಗಳನ್ನು ಹೇಳಿ ಜಗಳವಾಡುತ್ತಿದ್ದೆ. ಈಗ ನನ್ನದೇ ಒಂದು ಸಣ್ಣ ಘಟಕವಿದೆ, ಐದು ಆಕ್ಸಿಸ್ಸಿನ ಸಿಎನ್‌ಸಿ ಮೆಷಿನ್ನುಗಳಿವೆ, ವಿದೇಶಿ ಎಂಜಿನ್ ಕಂಪನಿಯೊಂದಕ್ಕೆ ಬ್ರಾಕೆಟ್ಟುಗಳನ್ನು ಮಾಡಿಕೊಡುತ್ತೇನೆ. ಅವರಿಗೆ ಬೇಕಾದ್ದು ಕೈಚಳಕವಲ್ಲ. ಯಾವ ಟೂಲ್, ಯಾವ ವೇಗ, ಎಷ್ಟು ಪೀಸಿಗೆ ಬದಲಾಯಿಸಿದಿರಿ, ಲೋಹ ಯಾವ ಬ್ಯಾಚಿನದು, ಎಲ್ಲ ಬರಹದಲ್ಲಿರಬೇಕು. ಒಮ್ಮೆ ಒಪ್ಪಿಕೊಂಡ ವಿಧಾನದಲ್ಲಿ ಒಂದು ಸ್ಕ್ರೂ ಬದಲಿಸಿದರೂ ಅವರ ಒಪ್ಪಿಗೆ ಬೇಕು. ಸಾವಿರನೆಯ ಪೀಸು ಮೊದಲನೆಯದರಂತೆಯೇ ಇರಬೇಕು.

ಈ ಕಣ್ಣಿನಿಂದ ನೋಡಿದರೆ ನಾವು ಮೆಚ್ಚಿ ಕುಣಿದದ್ದೇ ನಮ್ಮ ದೌರ್ಬಲ್ಯ. ಆ ಶೆಡ್ಡಿನ ಬಳೆಗಳಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ. ಎಲ್ಲ ಅಳತೆಯೊಳಗೇ ಇದ್ದವು, ಆದರೆ ಪ್ರತಿಯೊಂದೂ ಮೇಸ್ತ್ರಿಯ ಆ ದಿನದ ಕೈ. ಹಾಗೆ ಮಾಡಿದ ಭಾಗಗಳಿಂದ ಒಂದು ಎಂಜಿನ್ ಕಟ್ಟಬಹುದು, ಹತ್ತು ಕಟ್ಟಬಹುದು. ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದಲ್ಲಿ ಮೂರು ದಶಕಕ್ಕೆ ತಯಾರಾದದ್ದು 9 ಪೂರ್ಣ ಎಂಜಿನ್ನು, 4 ಕೋರ್ ಎಂಜಿನ್ನು. ಓಡಿಸಿದ್ದು ಒಟ್ಟು 3,217 ಗಂಟೆ. ಮೂರು ದಶಕಕ್ಕೆ ಅದು ತೀರಾ ಕಡಿಮೆ. ಒಡೆದು, ನೋಡಿ, ತಿದ್ದಿ, ಮತ್ತೆ ಒಡೆಯುವುದರಿಂದಲೇ ಎಂಜಿನ್ ಪಕ್ವವಾಗುವುದು. ಒಡೆಯಲು ಸಾಕಷ್ಟು ಎಂಜಿನ್ನುಗಳೇ ಇರಲಿಲ್ಲ. ಎಂಟು ವರ್ಷದೊಳಗೆ ಮುಗಿಸುತ್ತೇವೆ ಎಂಬ ಮಾತನ್ನು ಕೊಟ್ಟವರೂ ನಂಬಿದ್ದರೆಂದು ನನಗೆ ಅನ್ನಿಸುವುದಿಲ್ಲ. ಶೆಡ್ಡಿನಲ್ಲಂತೂ ಯಾರೂ ನಂಬಿರಲಿಲ್ಲ.

ಹಾಗೆಂದು ಆ ಜನ ಸೋತರು ಎಂದು ಬರೆಯಲು ನನಗೆ ಮನಸ್ಸು ಬಾರದು. ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನು ಈಗ ಪೈಲಟ್ ಇಲ್ಲದ ವಿಮಾನಕ್ಕೆಂದು ಹದಗೊಳಿಸುತ್ತಿದ್ದಾರೆ. ಮುಂದಿನ ಯುದ್ಧವಿಮಾನದ ದೊಡ್ಡ ಎಂಜಿನ್ನನ್ನು ಫ್ರಾನ್ಸಿನ ಸಾಫ್ರಾನ್ ಜೊತೆ ಸೇರಿ ಮಾಡುವುದಾಗಿ 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಹೇಳಿದರು. ಆ ಮಾತುಕತೆಯ ಮೇಜಿನಲ್ಲಿ ನಮ್ಮವರು ಏನಾದರೂ ತಿಳಿದವರಂತೆ ಕೂರಬಲ್ಲರಾದರೆ ಅದು ಕಾವೇರಿಯಲ್ಲಿ ಕೈ ಸುಟ್ಟುಕೊಂಡದ್ದರಿಂದ.

ಅಕ್ಕನ ಮಗನಿಗೆ ನಾನು ಪೋಸ್ಟ್ ಹಾಕಲಿಲ್ಲ. ಹಣ ಕೊಡಿ ಎಂದು ಕೂಗುವುದು ಸುಲಭ. ಯುದ್ಧವಿಮಾನದ ಎಂಜಿನ್ನನ್ನು ಎತ್ತರದ ಗಾಳಿಯ ಸ್ಥಿತಿಯಲ್ಲಿ ಪರೀಕ್ಷಿಸಬಲ್ಲ ಕೇಂದ್ರ ನಮ್ಮ ನೆಲದಲ್ಲಿ ಏಕಿಲ್ಲ, ಪ್ರತಿ ಸಲ ರಷ್ಯಾಕ್ಕೆ ಏಕೆ ಹೊರಬೇಕು ಎಂದು ಕೇಳು ಎಂದೆ. ಅವನು ಕೇಳಿದನೋ ಇಲ್ಲವೋ.

ಮೇಸ್ತ್ರಿಯ ನೋಟ್‌ಬುಕ್ಕು ಅವರ ಪೆಟ್ಟಿಗೆಯ ಜೊತೆ ಊರಿಗೆ ಹೋಯಿತು. ಅದರ ಒಂದು ಪುಟವನ್ನೂ ಯಾರೂ ನಕಲು ಮಾಡಿಕೊಳ್ಳಲಿಲ್ಲ, ನಡುವಿನ ಕಂಪನಿಯೂ ಕೇಳಲಿಲ್ಲ. ಪೀಣ್ಯ, ರಾಜಾಜಿನಗರ, ಜಾಲಹಳ್ಳಿಯ ಶೆಡ್ಡುಗಳಲ್ಲಿ ಅಂಥವರು ಇನ್ನೂ ಇದ್ದಾರೆ, ಎಪ್ಪತ್ತು ದಾಟಿದವರು. ನಿಮ್ಮ ಮನೆಯಲ್ಲಿ ಅಂಥ ತಂದೆಯೋ ಮಾವನೋ ಇದ್ದರೆ, ಅವರ ಹಳೆಯ ಸೆಟ್ಟಿಂಗ್ ಪುಸ್ತಕ ಅಟ್ಟದ ಮೇಲೆ ಬಿದ್ದಿದ್ದರೆ, ದಯವಿಟ್ಟು ಗುಜರಿಯವನಿಗೆ ತೂಗಿ ಕೊಡಬೇಡಿ. ಪಕ್ಕದಲ್ಲಿ ಕೂತು ಓದಿಸಿ, ಬರೆದುಕೊಳ್ಳಿ, ಹತ್ತಿರದ ಪಾಲಿಟೆಕ್ನಿಕ್ಕಿಗೆ ಒಂದು ಪ್ರತಿ ತಲುಪಿಸಿ.